ಕೇಳುವವರ ಮನೆಯಲ್ಲಿ ಏನಾಗುತ್ತದೆ?

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಕಲಾ ವಿಭಾಗದ ಮೂರ್ನಾಲ್ಕು ವಿದ್ಯಾರ್ಥಿನಿಯರಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದಿದೆ: "ಸರ್, ಸೈಕಾಲಜಿ ಓದಿದ್ರ ಕೌನ್ಸೆಲರ್ ಆಗಬಹುದಲ್ರಿ?" ಆಗಬಹುದು. ಬಿಎ ಮುಗಿಸಿ ಮನಃಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್‌ಡಬ್ಲ್ಯೂ ಮಾಡಿದರೆ ಆಸ್ಪತ್ರೆ, ಮಹಿಳಾ ಸಹಾಯ ಕೇಂದ್ರ, ಮಕ್ಕಳ ರಕ್ಷಣಾ ಘಟಕ ಹೀಗೆ ಹಲವು ಕಡೆ ಆಪ್ತ ಸಮಾಲೋಚಕರ ಹುದ್ದೆಗಳಿವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಇನ್ನೂ ಓದಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಯಾರಾದರೊಬ್ಬರು ಸಮಾಧಾನದ ಉಸಿರು ಬಿಡುತ್ತಾರೆ: "ಚಲೋ ಕೆಲಸ ಬಿಡ್ರಿ ಸರ್. ಫ್ಯಾನಿನ ಕೆಳಗ ಕುಂತು ಮಾತಾಡೋದು."

ಆ ಕೆಲಸದಲ್ಲಿ ಮಾತಾಡುವುದು ಕಡಿಮೆ, ಕೇಳುವುದೇ ಹೆಚ್ಚು. ಕೇಳಿದ್ದು ಕಚೇರಿಯಲ್ಲೇ ಉಳಿಯುವುದಿಲ್ಲ ಎಂಬುದು ಈ ಲೇಖನದ ವಿಷಯ. ಅತ್ಯಾಚಾರ, ಮನೆಯೊಳಗಿನ ಹೊಡೆತ, ಅಪಘಾತ, ಪ್ರವಾಹ, ಮಗುವಿನ ಸಾವು ಇಂಥ ಆಘಾತಗಳಿಗೆ ಸಿಕ್ಕವರ ಮಾತನ್ನು ದಿನಾ ಕೇಳುವವರ ಸ್ವಂತ ಬದುಕು ಏನಾಗುತ್ತದೆ? ಅವರ ನಿದ್ದೆ, ಅವರ ಸಂಸಾರ, ಅವರ ಮಕ್ಕಳು? ಈ ದಾರಿ ಹಿಡಿಯಬೇಕೆಂದಿರುವವರು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಹಿಡಿಯದವರಿಗೂ ಇದರಲ್ಲಿ ಸಂಬಂಧವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಮ್ಮ ಭಾಗದ ಸ್ಥಿತಿ. ನಮ್ಮಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಎಂದು ನಗುವುದುಂಟು. ಧಾರವಾಡದ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದ್ದು, ಈಗ ಅದಕ್ಕೆ ಡಿಮ್ಹಾನ್ಸ್ ಎಂದು ಹೆಸರು. ಮನಸ್ಸಿನ ಕಾಯಿಲೆ ಎಂದರೆ ದೂರದ ಊರು, ಎತ್ತರದ ಗೋಡೆ ಎಂಬ ಭಾವನೆ ಆ ನಗೆಯೊಳಗೆ ಇನ್ನೂ ಉಳಿದಿದೆ. ಆದರೆ ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹೊರತಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಪ್ರಯೋಗ ನಡೆದದ್ದೂ ನಮ್ಮ ಉತ್ತರ ಕರ್ನಾಟಕದಲ್ಲೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಆರಂಭಿಸಿತು. ಇವತ್ತು ದೇಶದ ಜಿಲ್ಲೆಗಳಲ್ಲಿ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್-ಅಮೀನ್ ಎರಡು ವೈದ್ಯಕೀಯ ಕಾಲೇಜುಗಳಿದ್ದು ಎರಡರಲ್ಲೂ ಮನೋವೈದ್ಯರಿದ್ದಾರೆ. ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ಒಂದೇ ಸೂರಿನಡಿ ಚಿಕಿತ್ಸೆ, ಪೊಲೀಸ್ ನೆರವು, ಸಮಾಲೋಚನೆ ಕೊಡುವ ಸಖಿ ಕೇಂದ್ರಗಳು, ಎಚ್‌ಐವಿ ಪರೀಕ್ಷೆಗೆ ಮೊದಲು ಮತ್ತು ನಂತರ ಮಾತಾಡಿಸುವ ಐಸಿಟಿಸಿ ಸಮಾಲೋಚಕರು, ಮಕ್ಕಳ ರಕ್ಷಣಾ ಘಟಕದವರು ಇವರೆಲ್ಲ ದಿನಾ ಈ ಕೆಲಸ ಮಾಡುವವರೇ.

2009ರ ಅಕ್ಟೋಬರ್ ಹೊತ್ತಿನ ಪ್ರವಾಹದಲ್ಲಿ ನಮ್ಮ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದ ಸಾವಿರಾರು ಮನೆಗಳು ಬಿದ್ದವು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ ಏಳು ಕಾರ್ಮಿಕರು ಸತ್ತರು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ನಂತರ ಜೀವಂತ ಹೊರತೆಗೆದಾಗ ಇಡೀ ಜಿಲ್ಲೆ ಅತ್ತು ನಕ್ಕಿತು. ಇಂಥ ಪ್ರತಿ ಘಟನೆಯಲ್ಲೂ ನೊಂದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಅಧಿಕಾರಿಗಳ ಚಿತ್ರ ಬರುತ್ತದೆ. ಕ್ಯಾಮೆರಾ ಹೋದ ಮೇಲೆ ವಾರಗಟ್ಟಲೆ ನೊಂದವರ ಹತ್ತಿರ ಕುಳಿತು ಕೇಳುವ ಕೆಲಸ ಯಾರದೋ ಒಬ್ಬರ ಪಾಲಿಗೆ ಬರುತ್ತದೆ. ಅವರ ಬಗ್ಗೆ ಎಲ್ಲೂ ಬರೆಯುವುದಿಲ್ಲ.

ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಒಂದು ಶಿಸ್ತು ತಂದುಕೊಟ್ಟವರಲ್ಲಿ ನಿಮ್ಹಾನ್ಸ್‌ನವರು ಮುಖ್ಯರು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ಸಾಮಾನ್ಯ ವೈದ್ಯರಿಗೆ, ಕೆಮ್ಮು ಕಣ್ಣುರಿಯ ಜೊತೆಗೆ ಮನಸ್ಸಿನ ಗಾಯವನ್ನೂ ನೋಡುವುದು ಹೇಗೆಂದು ಕಲಿಸಿದ ತಂಡದಲ್ಲಿ ಡಾ. ಆರ್. ಶ್ರೀನಿವಾಸ ಮೂರ್ತಿಯವರು, ಕನ್ನಡದಲ್ಲಿ ಮನೋವೈದ್ಯ ಸಾಹಿತ್ಯವನ್ನು ಮನೆಮನೆಗೆ ಮುಟ್ಟಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಇದ್ದರು. ಮುಂದೆ 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ಹೊತ್ತಿಗೆ ಊರಿನ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರಿಗೂ ಕೇಳುವ ಕಲೆ ಕಲಿಸುವ ಪದ್ಧತಿ ಬಂತು. ಕಷ್ಟದಲ್ಲಿರುವ ಜನ ಲಕ್ಷಗಟ್ಟಲೆ, ಡಾಕ್ಟರುಗಳು ಬೆರಳೆಣಿಕೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದೂ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದೂ ಹೇಳಿತು. ಸಿಕ್ಕದಿರುವವರ ಲೆಕ್ಕದ ಇನ್ನೊಂದು ಮುಖವೆಂದರೆ ಇರುವ ಕೆಲವೇ ಜನರ ಮೇಲೆ ಬೀಳುವ ಭಾರ.

ಮನೆಗೆ ಬರುವ ಮೇಡಂ

ಈಗ ಒಬ್ಬ ಸಮಾಲೋಚಕಿಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಮೇಡಂ ಎಂದೇ ಕರೆಯೋಣ. ಇವರು ಕಲ್ಪನೆಯ ವ್ಯಕ್ತಿ, ಆದರೆ ಇವರಿಗೆ ಆಗುವುದೆಲ್ಲ ಈ ವೃತ್ತಿಯವರು ದೇಶದೇಶಗಳಲ್ಲಿ ಹೇಳಿಕೊಂಡಿರುವುದೇ. ಮೇಡಂ ಇರುವುದು ಟಿಕೋಟಾದಲ್ಲಿ. ಮನೆಯವರದು ದ್ರಾಕ್ಷಿ ತೋಟ. ದಿನಾ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಇವತ್ತು ಅವರ ಎದುರು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳಿಗೆ ಹಾನಿ ಮಾಡಿದವನು ಮನೆಗೆ ದಿನಾ ಬಂದುಹೋಗುತ್ತಿದ್ದ, ಎಲ್ಲರೂ ನಂಬಿದ್ದ ಬಂಧು. ಹುಡುಗಿ ಒಂದು ಗಂಟೆ ಮಾತಾಡಲಿಲ್ಲ, ಆಮೇಲೆ ಹತ್ತು ನಿಮಿಷ ಮಾತಾಡಿದಳು. ಆ ಹತ್ತು ನಿಮಿಷ ಮೇಡಂ ಜೊತೆ ಬಸ್ಸು ಹತ್ತುತ್ತದೆ.

ಕೇಳುವುದು ಕಿವಿಯ ಕೆಲಸ ಮಾತ್ರ ಎಂದು ನಾವು ತಿಳಿದಿದ್ದೇವೆ. ಯಾರಾದರೂ ಒಂದು ಕೋಣೆಯನ್ನು ವರ್ಣಿಸಿದರೆ ನಮ್ಮ ಮನಸ್ಸು ಆ ಕೋಣೆಯನ್ನು ಕಟ್ಟಿಕೊಳ್ಳುತ್ತದೆ: ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಗೋಡೆಯ ಮೇಲೆ ಯಾವ ಕ್ಯಾಲೆಂಡರ್. ಹೇಳುವವರ ಭಯ ಅರ್ಥವಾಗಬೇಕೆಂದರೆ ಆ ಕೋಣೆಯೊಳಗೆ ಅವರ ಜೊತೆ ಕಾಲಿಡಲೇಬೇಕು. ಕಾಲಿಡದೆ ಬರೀ ತಲೆಯಾಡಿಸುವ ಸಮಾಲೋಚಕರನ್ನು ನೊಂದವರು ಎರಡೇ ನಿಮಿಷದಲ್ಲಿ ಗುರುತಿಸುತ್ತಾರೆ, ಮತ್ತೆ ಬರುವುದಿಲ್ಲ. ಅಂದರೆ ಈ ಕೆಲಸದಲ್ಲಿ ಯಾವ ಗುಣದಿಂದ ನೊಂದವರಿಗೆ ಉಪಕಾರವಾಗುತ್ತದೋ ಅದೇ ಗುಣದಿಂದ ಕೇಳುವವರಿಗೆ ಅಪಾಯ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮಾತು ಆಚೆ ತುದಿಯಲ್ಲಿ ನಿಂತವನ ಕಿವಿಯ ಹತ್ತಿರವೇ ಕೇಳಿಸುತ್ತದಲ್ಲ, ಹಾಗೆ. ಅಲ್ಲಿ ಮೆಟ್ಟಿಲಿಳಿದು ಬಂದರೆ ಸದ್ದು ನಿಲ್ಲುತ್ತದೆ. ಇಲ್ಲಿ ನಿಲ್ಲುವುದಿಲ್ಲ.

ಮನೆಗೆ ಬಂದ ಮೇಡಂಗೆ ಅಂದು ಏನಾಗುತ್ತದೆ? ಬಹಳ ಸಣ್ಣ ಸಂಗತಿಗಳು. ಮಗಳು ಪಕ್ಕದ ಮನೆಗೆ ಟ್ಯೂಷನ್‌ಗೆ ಹೋಗಬೇಕು, ಮೇಡಂ ಬೇಡ ಅನ್ನುತ್ತಾರೆ. ಯಾಕೆಂದು ಕೇಳಿದರೆ ಕಾರಣ ಹೇಳಲಾರರು. ಮೈದುನ ಬಂದು ಮಗುವನ್ನು ಎತ್ತಿಕೊಂಡರೆ, ಅವನು ಒಳ್ಳೆಯವನೆಂದು ಗೊತ್ತಿದ್ದೂ, ಎದೆಯೊಳಗೆ ಏನೋ ಬಿಗಿಯುತ್ತದೆ. ಆಮೇಲೆ ಹಾಗೆ ಅನಿಸಿದ್ದಕ್ಕೆ ತಮ್ಮ ಮೇಲೇ ಅಸಹ್ಯ. ಗಂಡ ಒಣದ್ರಾಕ್ಷಿಯ ದರ ಬಿದ್ದ ಚಿಂತೆಯಲ್ಲಿ ಬಂದು ಮಾತು ತೆಗೆದರೆ "ಇದೂ ಒಂದು ತ್ರಾಸಾ?" ಎಂಬ ಮಾತು ತುಟಿಯವರೆಗೆ ಬರುತ್ತದೆ. ಗಂಡನಿಗೆ ಅದು ನಿಜವಾದ ತ್ರಾಸವೇ, ಸಾಲದ ಕಂತು ಇರುತ್ತದೆ. ಆದರೆ ಹಗಲೆಲ್ಲ ಸಾವಿನ ಮಾತು ಕೇಳಿದ ಕಿವಿಗೆ ಮನೆಯ ಕಷ್ಟಗಳು ಚಿಲ್ಲರೆಯಾಗಿ ಕೇಳಿಸುತ್ತವೆ. ಮನೆಯವರಿಗೆ ಇದು ಬೇಗ ತಿಳಿಯುತ್ತದೆ. "ಊರ ಮಂದಿ ಮಾತು ಕೇಳಾಕ ಟೈಮ್ ಐತಿ, ನಮ್ಮ ಮಾತಿಗೆ ಇಲ್ಲ" ಎಂಬ ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದೇ ಮೇಡಂಗೆ ಹೆಚ್ಚು ಚುಚ್ಚುವುದು.

ಹಾಗಾದರೆ ಹೇಳಿಕೊಂಡು ಹಗುರಾಗಬಾರದೇ? ಆಗದು. ಬೇರೆ ಕೆಲಸದವರು ಸಂಜೆ ಮನೆಗೆ ಬಂದು ದಿನದ ಕಥೆ ಬಿಚ್ಚುತ್ತಾರೆ. ಮೇಷ್ಟ್ರು ಹುಡುಗರ ತುಂಟತನ ಹೇಳುತ್ತಾನೆ, ಕಂಡಕ್ಟರ್ ಪ್ರಯಾಣಿಕರ ಜಗಳ ಹೇಳುತ್ತಾನೆ. ಸಮಾಲೋಚಕರು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ಗುಟ್ಟನ್ನು ಕಾಯುವುದನ್ನು ಅವರ ಹಕ್ಕೆಂದು ಬರೆದಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಬೀಳದಂತೆ ಪೋಕ್ಸೊ ಕಾಯ್ದೆ ಕಟ್ಟುನಿಟ್ಟಾಗಿ ತಡೆದಿದೆ. ಕಾನೂನು ಇರಲಿ ಬಿಡಲಿ, ಟಿಕೋಟಾದಂಥ ಊರಲ್ಲಿ "ಇವತ್ತೊಂದು ಹುಡುಗಿ ಬಂದಿತ್ತು, ಇಂಥ ಓಣಿಯದು" ಎಂದರೆ ಸಾಕು, ಚಹಾ ಕುದಿಯುವಷ್ಟರಲ್ಲಿ ಹೆಸರು ಗೊತ್ತಾಗುತ್ತದೆ. ಆದ್ದರಿಂದ ಮೇಡಂ ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯನ್ನು ಮನೆಯವರು ಕೋಪ, ಸೊಕ್ಕು, ಬೇಸರ ಎಂದು ಬೇರೆ ಬೇರೆಯಾಗಿ ಓದಿಕೊಳ್ಳುತ್ತಾರೆ.

ಸಣ್ಣ ಊರಿನ ಇನ್ನೊಂದು ತೊಡಕನ್ನು ಬೆಂಗಳೂರಿನ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ದೊಡ್ಡ ಶಹರದಲ್ಲಿ ಸಮಾಲೋಚಕರು ಮತ್ತು ಅವರ ಹತ್ತಿರ ಬಂದವರು ಮತ್ತೆಲ್ಲೂ ಭೇಟಿಯಾಗದೆ ಇರಬಹುದು. ಇಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ಬಟ್ಟೆ ತೆಗೆದುಕೊಳ್ಳುವಾಗ ಸಿಗುತ್ತಾರೆ, ಬಬಲೇಶ್ವರದ ಮದುವೆಯ ಊಟದ ಪಂಕ್ತಿಯಲ್ಲಿ ಎದುರೇ ಕೂರುತ್ತಾರೆ. ಅವರು ತಾವಾಗಿ ಮಾತಾಡಿಸದ ಹೊರತು ಸಮಾಲೋಚಕರು ಗುರುತಿನ ನಗೆಯನ್ನೂ ನಗಬಾರದೆಂಬುದು ವೃತ್ತಿಯ ನಡಾವಳಿ. ಜೊತೆಯಲ್ಲಿ ಅತ್ತೆಯೋ ನಾದಿನಿಯೋ ಇದ್ದು "ಆಕಿ ಹೆಂಗ ಗೊತ್ತು ನಿನಗ?" ಎಂದು ಕೇಳಿದರೆ ಆ ಹೆಂಗಸು ಏನು ಹೇಳಬೇಕು? ಹೀಗಾಗಿ ಮೇಡಂ ಬೇರೆ ಕಡೆ ನೋಡುತ್ತಾರೆ. ಇನ್ನೂ ಕಷ್ಟದ ಗಳಿಗೆಯೆಂದರೆ, ಹೆಂಡತಿಯನ್ನು ಹೊಡೆಯುವವನೆಂದು ಕಚೇರಿಯಲ್ಲಿ ಕೇಳಿ ತಿಳಿದ ವ್ಯಕ್ತಿ ಅದೇ ಮದುವೆಯಲ್ಲಿ ಗಂಡನ ಗೆಳೆಯನಾಗಿ ಬಂದು "ಅಕ್ಕಾರ, ಆರಾಮ್ ಇದ್ದೀರಿ?" ಎಂದು ಕೈ ಮುಗಿಯುವುದು. ಮೇಡಂ "ಆರಾಮ್ ರೀ" ಅನ್ನಬೇಕು. ಇದು ಒಂದೆರಡು ವರ್ಷ ನಡೆದರೆ ಮದುವೆ ಮುಂಜಿಗಳಿಗೆ ಹೋಗುವುದೇ ನಿಂತುಹೋಗುತ್ತದೆ.

ಇದಕ್ಕೆ ತಿರುಗು ಮುರುಗಾದ ತೊಂದರೆಯೂ ಇದೆ. ಸಂಬಂಧಿಕರಲ್ಲಿ ಯಾರಿಗೆ ಜಗಳವಾದರೂ ಫೋನು ಮೇಡಂಗೇ ಬರುತ್ತದೆ. "ನೀ ಕೌನ್ಸೆಲಿಂಗ್ ಮಾಡ್ತಿ, ಇವನಿಗೊಂದಿಷ್ಟು ಬುದ್ಧಿ ಹೇಳು." ಬುದ್ಧಿ ಹೇಳುವುದು ಸಮಾಲೋಚನೆಯಲ್ಲ, ತನ್ನ ಬಳಗದವರಿಗೆ ತಾನೇ ಸಮಾಲೋಚನೆ ಮಾಡುವುದು ಸರಿಯೂ ಅಲ್ಲ. ಇದನ್ನು ಚಿಕ್ಕಮ್ಮನಿಗೆ ತಿಳಿಸಿ ಹೇಳುವುದಕ್ಕಿಂತ ಫೋನು ಎತ್ತದಿರುವುದೇ ಸುಲಭ ಎನಿಸುತ್ತದೆ. ಹೀಗೆ ಒಂದೊಂದೇ ಸಂಬಂಧ ತೆಳುವಾಗುತ್ತ ಹೋಗುತ್ತದೆ.

ಇದಕ್ಕಿರುವ ಹೆಸರುಗಳು

ಈ ಸ್ಥಿತಿಗಳಿಗೆ ಹೆಸರು ಬಂದು ಐವತ್ತು ವರ್ಷವಷ್ಟೇ. ನ್ಯೂಯಾರ್ಕಿನಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ ಹಗಲು ತನ್ನ ಸ್ವಂತ ಕ್ಲಿನಿಕ್ಕಿನಲ್ಲೂ ರಾತ್ರಿ ಮಾದಕ ವ್ಯಸನಿಗಳ ಉಚಿತ ಕ್ಲಿನಿಕ್ಕಿನಲ್ಲೂ ದುಡಿಯುತ್ತಿದ್ದ. ಮನೆಯವರೊಡನೆ ರಜೆಗೆ ಹೊರಡಬೇಕಾದ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಆಮೇಲೆ ತನ್ನ ಮಾತನ್ನು ತಾನೇ ಟೇಪಿನಲ್ಲಿ ರೆಕಾರ್ಡ್ ಮಾಡಿ, ರೋಗಿಯ ಮಾತನ್ನು ಕೇಳುವಂತೆ ಕೇಳಿದ. 1974ರಲ್ಲಿ ಅದರ ಬಗ್ಗೆ ಬರೆದ. 'ಬರ್ನ್‌ಔಟ್' ಎಂಬ ಮಾತು ಶಾಸ್ತ್ರದೊಳಗೆ ಬಂದದ್ದು ಹಾಗೆ. ಎಣ್ಣೆ ತೀರಿದ ದೀಪದಂತೆ ಆಗುವುದು ಇದು. ಅತಿಯಾದ ಕೆಲಸ, ಕಡಿಮೆ ಸಂಬಳ, ಮುಗಿಯದ ಕಡತ ಇದಕ್ಕೆ ಕಾರಣ. ಬ್ಯಾಂಕಿನವರಿಗೂ ಆಗುತ್ತದೆ, ಶಿಕ್ಷಕರಿಗೂ ಆಗುತ್ತದೆ.

ಆಘಾತದ ಮಾತು ಕೇಳುವವರಿಗೆ ಆಗುವುದು ಇದಕ್ಕಿಂತ ಬೇರೆ ಎಂದು 1990ರಲ್ಲಿ ಲಿಸಾ ಮೆಕ್ಯಾನ್ ಮತ್ತು ಲಾರೀ ಆ್ಯನ್ ಪರ್ಲ್‌ಮನ್ ತೋರಿಸಿದರು. ಅದನ್ನು ನಾವು ಪರೋಕ್ಷ ಆಘಾತ ಎನ್ನಬಹುದು. ಇಲ್ಲಿ ಆಗುವುದು ಬರೀ ಆಯಾಸವಲ್ಲ, ಲೋಕದ ಬಗ್ಗೆ ಇದ್ದ ನಂಬಿಕೆಗಳೇ ಬದಲಾಗುತ್ತವೆ. ಮನೆ ಸುರಕ್ಷಿತ ಜಾಗ, ಹಿರಿಯರು ಕಾಯುವವರು, ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂಬಂಥ ನಂಬಿಕೆಗಳ ಮೇಲೆ ನಾವೆಲ್ಲ ನಿತ್ಯ ಓಡಾಡುತ್ತೇವೆ. ಕಾಲ ಕೆಳಗಿನ ನೆಲದ ಬಗ್ಗೆ ಯೋಚಿಸದೆ ನಡೆಯುವಂತೆ. 2021ರ ನಂತರ ನಮ್ಮ ಜಿಲ್ಲೆಯಲ್ಲಿ ಹಲವು ಬಾರಿ ಭೂಮಿ ಲಘುವಾಗಿ ನಡುಗಿದಾಗ ರಾತ್ರಿ ಪಾತ್ರೆ ಸಪ್ಪಳವಾದರೂ ಎದ್ದು ಕೂರುತ್ತಿದ್ದೆವಲ್ಲ, ಮೇಡಂಗೆ ಮಗಳ ಟ್ಯೂಷನ್ ವಿಷಯದಲ್ಲಿ ಆಗಿದ್ದು ಅದೇ. ಟ್ಯೂಷನ್ ರಜೆ ಕೊಟ್ಟರೆ ಇದು ಹೋಗುವುದಿಲ್ಲ, ವಿಶ್ರಾಂತಿ ತೆಗೆದುಕೊಂಡರೂ ತಾನಾಗಿ ಹೋಗುವುದಿಲ್ಲ.

ಮೂರನೆಯದು ಅನುಕಂಪದ ದಣಿವು, ಕಂಪ್ಯಾಶನ್ ಫಟೀಗ್. ವಿಯೆಟ್ನಾಂ ಯುದ್ಧದಲ್ಲಿ ಸೈನಿಕನಾಗಿದ್ದು ಆಮೇಲೆ ಸಂಶೋಧಕನಾದ ಚಾರ್ಲ್ಸ್ ಫಿಗ್ಲಿ 1995ರಲ್ಲಿ ಇದರ ಬಗ್ಗೆ ಪುಸ್ತಕ ತಂದ. ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಕರುಣೆಯ ನಲ್ಲಿಯನ್ನೇ ಬಂದ್ ಮಾಡುವುದು ಎಂದರೆ ಸುಲಭವಾಗಿ ಅರ್ಥವಾಗುತ್ತದೆ. ಎದುರಿಗಿರುವವರು ಅಳುತ್ತಿದ್ದರೂ ಗಡಿಯಾರ ನೋಡಬೇಕೆನಿಸುತ್ತದೆ. ಕಚೇರಿಯಲ್ಲಿ ಬಂದ್ ಆದ ನಲ್ಲಿ ಮನೆಯಲ್ಲಿ ಮಾತ್ರ ಹರಿಯುತ್ತದೆಯೇ? ತನ್ನ ಮಗು ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಬಂದಾಗಲೂ ಒಳಗೆ ಏನೂ ಆಗದಿದ್ದರೆ ತಾಯಿಗೆ ಆಗುವ ಗಾಬರಿ ಸಣ್ಣದಲ್ಲ.

ಇದೆಲ್ಲ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವವರಿಗೆ ಒಂದು ಮಾತು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಡಿಎಸ್‌ಎಂ ಎಂಬ ಕೈಪಿಡಿಯ 2013ರ ಆವೃತ್ತಿ, ವೃತ್ತಿಯ ಭಾಗವಾಗಿ ಘೋರ ಘಟನೆಗಳ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದೂ ಆಘಾತೋತ್ತರ ಕಾಯಿಲೆಗೆ ಕಾರಣವಾಗಬಲ್ಲದು ಎಂದು ಒಪ್ಪಿಕೊಂಡಿದೆ. ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಪದೇ ಪದೇ ಕೇಳಬೇಕಾದ ಪೊಲೀಸರು, ಶವದ ಅವಶೇಷಗಳನ್ನು ಎತ್ತುವವರು ಅದು ಕೊಡುವ ಉದಾಹರಣೆಗಳು. ಹಾಗೆಂದು ಈ ಕೆಲಸ ಮಾಡುವ ಎಲ್ಲರಿಗೂ ಕಾಯಿಲೆ ಬರುತ್ತದೆ ಎಂದಲ್ಲ. ಬಹಳ ಜನ ಮೂವತ್ತು ವರ್ಷ ಈ ಕೆಲಸ ಮಾಡಿಯೂ ನಗುನಗುತ್ತ ಇದ್ದಾರೆ. ಒಂದೇ ಬಗೆಯ ಘೋರ ಪ್ರಕರಣಗಳನ್ನೇ ದಿನವಿಡೀ ನೋಡುವವರು, ತಾವೇ ಹಿಂದೆ ಇಂಥ ಪೆಟ್ಟು ತಿಂದವರು, ಕೇಳಲು ಹಿರಿಯರೊಬ್ಬರಿಲ್ಲದೆ ಒಂಟಿಯಾಗಿ ಕೆಲಸ ಮಾಡುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಗಟ್ಟಿ ಮನಸ್ಸಿನವರಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಮಾತು ನಂಬಿದವರೇ ಕೊನೆಯವರೆಗೆ ಯಾರಿಗೂ ಹೇಳದೆ ಕುಸಿಯುವುದು.

ಕೊರೊನಾ ಕಾಲ ಇದನ್ನೆಲ್ಲ ಒಟ್ಟಿಗೆ ತಂದಿತ್ತು. 2020ರ ಮಾರ್ಚ್ ಕೊನೆಗೆ, ಲಾಕ್‌ಡೌನ್ ಆದ ಕೆಲವೇ ದಿನಗಳಲ್ಲಿ, ನಿಮ್ಹಾನ್ಸ್ ಇಡೀ ದೇಶಕ್ಕೆ ಒಂದು ಉಚಿತ ಸಹಾಯವಾಣಿ ತೆರೆಯಿತು. ಬೇರೆ ಬೇರೆ ರಾಜ್ಯಗಳ, ಬೇರೆ ಬೇರೆ ಭಾಷೆಗಳ ಮಾನಸಿಕ ಆರೋಗ್ಯ ತಜ್ಞರು ಸ್ವಯಂಸೇವಕರಾಗಿ ಸೇರಿದರು, ಕರೆಗಳು ಅವರವರ ಫೋನಿಗೇ ಹೋಗುತ್ತಿದ್ದವು. ಅಂದರೆ ಕಚೇರಿ ಮತ್ತು ಮನೆಯ ನಡುವೆ ಇದ್ದ ಬಸ್ಸಿನ ದಾರಿಯೂ ಇಲ್ಲವಾಯಿತು. ತಂದೆಯ ಮುಖ ಕೊನೆಗೊಮ್ಮೆ ನೋಡಲೂ ಆಗದವನ ಅಳು ಕಿವಿಯಲ್ಲಿ, ಬಾಗಿಲಾಚೆ ತನ್ನದೇ ಮಗುವಿನ ಆನ್‌ಲೈನ್ ಕ್ಲಾಸು. ಅದಕ್ಕಿಂತ ಮುಖ್ಯವಾಗಿ, ಕರೆ ಮಾಡಿದವನಿಗೆ ಯಾವ ರೋಗದ ಭಯವಿತ್ತೋ ಅದೇ ಭಯ ಕೇಳುವವರ ಮನೆಯಲ್ಲೂ ಇತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನ ಸಮಾಲೋಚಕರ ಅನುಭವ ನೋಡಿ ಇದನ್ನು ಹಂಚಿಕೊಂಡ ಆಘಾತ ಎಂದು ಕರೆದರು. ನೊಂದವರೂ ಸಂತೈಸುವವರೂ ಒಂದೇ ದೋಣಿಯಲ್ಲಿ ಇರುವ ಸ್ಥಿತಿ.

ಹೊಸ್ತಿಲು

ನಮ್ಮ ಕಡೆ ಮಣ್ಣಿಗೆ ಹೋಗಿ ಬಂದವರು ನೇರ ಅಡುಗೆ ಮನೆಗೆ ನುಗ್ಗುವುದಿಲ್ಲ. ಕೈಕಾಲು ತೊಳೆಯುತ್ತಾರೆ, ಹಲವು ಮನೆಗಳಲ್ಲಿ ಸ್ನಾನ ಮಾಡುತ್ತಾರೆ. ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರಲಿಕ್ಕೂ ಇಂತಿಷ್ಟು ದಿನವೆಂದು ಇದೆ. ಆ ಮನೆಯಲ್ಲಿ ಒಲೆ ಉರಿಯದ ದಿನಗಳಲ್ಲಿ ನೆರೆಯವರು, ಬಳಗದವರು ಊಟ ಕಳಿಸುತ್ತಾರೆ. ಹಿಂದೂಗಳಲ್ಲಿ ಮುಸಲ್ಮಾನರಲ್ಲಿ ರೀತಿ ಬೇರೆ ಇರಬಹುದು, ಆದರೆ ದುಃಖಕ್ಕೆ ಒಂದು ಹೊಸ್ತಿಲು ಬೇಕು, ಅದನ್ನು ಹೊರಲು ಹತ್ತು ಹೆಗಲು ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಸಮಾಲೋಚಕರ ಕಷ್ಟವೆಂದರೆ ಅವರು ದಿನಾ ಇಂಥ ಮನೆಗೆ ಹೋಗಿ ಬರುತ್ತಾರೆ, ಹೊಸ್ತಿಲಿಲ್ಲ, ಹೆಗಲೂ ಒಂದೇ.

ಈ ವೃತ್ತಿಯಲ್ಲಿ ಪಳಗಿದವರು ಆ ಹೊಸ್ತಿಲನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಕೆಲಸದ ಕೊಠಡಿಯಿಂದ ಹೊರಡುವ ಮುನ್ನ ಕಡತ ಮುಚ್ಚಿ ಮುಖ ತೊಳೆಯುವುದು, ಬಸ್ಸಿನಲ್ಲಿ ಫೋನು ನೋಡದೆ ಕಿಟಕಿಯಾಚೆ ತೋಟಗಳನ್ನೇ ನೋಡುತ್ತ ಬರುವುದು (ಶಕ್ತಿ ಯೋಜನೆಯ ಗದ್ದಲದಲ್ಲಿ ಕಿಟಕಿಯ ಸೀಟು ಸಿಕ್ಕರೆ), ಮನೆಗೆ ಬಂದು ಬಟ್ಟೆ ಬದಲಿಸಿ ನಮಾಜಿಗೋ ಪೂಜೆಗೋ ಕೂರುವುದು. ನೋಡಲು ಇವು ಚಿಕ್ಕ ಕೆಲಸಗಳು, ಆದರೆ ಆ ಮಾತು ಅಲ್ಲಿಗೆ, ಈ ಮನೆ ಇಲ್ಲಿಂದ ಎಂದು ಮನಸ್ಸಿಗೆ ಗೆರೆ ಎಳೆದು ತೋರಿಸುತ್ತವೆ.

ಹೆಗಲಿನ ವ್ಯವಸ್ಥೆಗೆ ಈ ವೃತ್ತಿಯಲ್ಲಿ ಸೂಪರ್‌ವಿಷನ್ ಎಂದು ಹೆಸರು. ನಾವು ಈ ಪದ ಕೇಳಿದೊಡನೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರನ್ನು ನೆನೆಯುತ್ತೇವೆ. ಇಲ್ಲಿ ಅದರ ಅರ್ಥ ಬೇರೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅನುಭವಿ ಹಿರಿಯರ ಮುಂದೆ ಕುಳಿತು, ಹೆಸರು ಗುರುತು ಬಿಟ್ಟು, ಈ ಪ್ರಕರಣ ನನಗೆ ಹೀಗೆ ಕಾಡುತ್ತಿದೆ ಎಂದು ಹೇಳಿಕೊಳ್ಳುವುದು. ಗುಟ್ಟೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ವಿಪತ್ತಿನ ಹೊತ್ತಿನ ಮಾನಸಿಕ ಪ್ರಥಮ ಚಿಕಿತ್ಸೆಗೆಂದು ಹೊರತಂದ ಕೈಪಿಡಿಯಲ್ಲಿ ನೆರವು ನೀಡುವವರು ತಮ್ಮನ್ನೂ ಜೊತೆಗಾರರನ್ನೂ ನೋಡಿಕೊಳ್ಳುವುದಕ್ಕೇ ಒಂದು ಅಧ್ಯಾಯವಿದೆ. ದೊಡ್ಡ ಸಂಸ್ಥೆಗಳಲ್ಲಿ ಇದು ನಡೆಯುತ್ತದೆ. ತಾಲ್ಲೂಕು ಮಟ್ಟದಲ್ಲಿ ಗುತ್ತಿಗೆಯ ಮೇಲೆ ಒಬ್ಬರೇ ಕೆಲಸ ಮಾಡುವ ಕಡೆ ಆ ಹಿರಿಯರನ್ನು ಎಲ್ಲಿಂದ ತರುವುದು? ಯೋಗ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎಂದು ಸಮಾಲೋಚಕರಿಗೆ ಉಪದೇಶ ಕೊಡುವುದು ಖರ್ಚಿಲ್ಲದ ಕೆಲಸ. ಪ್ರಕರಣಗಳ ಸಂಖ್ಯೆಗೆ ಮಿತಿ ಹಾಕುವುದು, ರಜೆ ಕೊಡುವುದು, ಇನ್ನೊಬ್ಬರನ್ನು ನೇಮಿಸುವುದು ಖರ್ಚಿನ ಕೆಲಸ. ಇವರನ್ನು ಉಳಿಸಿಕೊಳ್ಳಲು ಬೇಕಾದದ್ದು ಎರಡನೆಯದೇ ಎಂದು ನನ್ನ ಅಭಿಪ್ರಾಯ.

ನಷ್ಟವೊಂದನ್ನೇ ಹೇಳಿದರೆ ಚಿತ್ರ ಅರ್ಧವಾಗುತ್ತದೆ. ಕೊಲಂಬಿಯಾ ದೇಶದಲ್ಲಿ ರಾಜಕೀಯ ಹಿಂಸೆ, ಅಪಹರಣಗಳಿಗೆ ಸಿಕ್ಕವರ ಜೊತೆ ಕೆಲಸ ಮಾಡಿದ ಚಿಕಿತ್ಸಕರನ್ನು ಮಾತಾಡಿಸಿದ ಸಂಶೋಧಕರು 2007ರಲ್ಲಿ ಒಂದು ಸಂಗತಿ ಬರೆದರು. ಅಷ್ಟು ನೋವು ತಿಂದವರು ಮತ್ತೆ ಎದ್ದು ನಿಂತದ್ದನ್ನು ಹತ್ತಿರದಿಂದ ನೋಡಿದ ಚಿಕಿತ್ಸಕರು ತಾವೂ ಗಟ್ಟಿಯಾಗಿದ್ದರು, ತಮ್ಮ ಕಷ್ಟಗಳನ್ನು ನೋಡುವ ರೀತಿ ಬದಲಾಗಿತ್ತು. ನಮ್ಮ ಮೇಡಂ ಎದುರಿನ ಆ ಹುಡುಗಿ ಎಂಟು ತಿಂಗಳ ನಂತರ ಒಂದು ದಿನ ಬಂದು, ಶಾಲೆಯ ಖೋಖೋ ತಂಡಕ್ಕೆ ಆಯ್ಕೆಯಾದೆನೆಂದು ಹೇಳಿ ಓಡಿಹೋಗುತ್ತಾಳೆಂದು ಇಟ್ಟುಕೊಳ್ಳಿ. ಅದೂ ಮೇಡಂ ಜೊತೆ ಬಸ್ಸು ಹತ್ತುತ್ತದೆ. ಆದರೆ ಅದನ್ನೂ ಮನೆಯಲ್ಲಿ ಹೇಳುವಂತಿಲ್ಲ.

ತರಗತಿಯ ಕೊನೆಯ ಬೆಂಚು

ಇನ್ನು ನಿಮಗೆ ಸಂಬಂಧಿಸಿದ ಮಾತು. ಪ್ರತಿ ತರಗತಿಯಲ್ಲೂ ಎಲ್ಲರ ಕಷ್ಟ ಕೇಳುವ ಒಬ್ಬ ಹುಡುಗಿ, ಒಬ್ಬ ಹುಡುಗ ಇರುತ್ತಾರೆ. ಪದವಿಯಿಲ್ಲ, ತರಬೇತಿಯಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ "ಯಾರಿಗೂ ಹೇಳಬ್ಯಾಡ, ಆಣೆ ಐತಿ" ಎಂದು ಶುರುವಾಗುವ ಸಂದೇಶ ಅವರಿಗೇ ಬರುವುದು. ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ, ಇನ್ನೂ ಹದಿನೇಳು. ಅಪ್ಪ ಕುಡಿದು ಅಮ್ಮನನ್ನು ಹೊಡೆಯುತ್ತಾನೆ. ಬದುಕಬೇಕು ಅನಿಸುತ್ತಿಲ್ಲ. ಮೇಡಂಗೆ ಆಗುವುದೆಲ್ಲ ಈ ಹದಿನೇಳು ವರ್ಷದ ಕೇಳುಗರಿಗೂ ಆಗುತ್ತದೆ: ನಿದ್ದೆ ಹೋಗುತ್ತದೆ, ಅಂಕ ಇಳಿಯುತ್ತದೆ, ತಾಯಿಯ ಮೇಲೆ ಸುಮ್ಮನೆ ಸಿಟ್ಟು ಬರುತ್ತದೆ, ಗೆಳತಿ ಒಂದು ದಿನ ಗೈರುಹಾಜರಾದರೆ ಎದೆ ಡವಗುಟ್ಟುತ್ತದೆ.

ವೃತ್ತಿಯ ಸಮಾಲೋಚಕರಿಗೂ ಗುಟ್ಟಿನ ನಿಯಮದಲ್ಲಿ ವಿನಾಯಿತಿಗಳಿವೆ. ಯಾರಿಗಾದರೂ ಹಾನಿಯಾಗುವುದನ್ನು ತಪ್ಪಿಸಲು ಅಗತ್ಯವಿರುವಷ್ಟನ್ನು ಹೇಳಬಹುದೆಂದು ಕಾಯ್ದ���ಯೇ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಪ್ರಕಾರ ಕಡ್ಡಾಯ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹಾಗಿರುವಾಗ ಜೀವಕ್ಕೆ ಅಪಾಯವಿರುವ ಗುಟ್ಟನ್ನು ಆಣೆಯ ಕಾರಣಕ್ಕೆ ಒಬ್ಬರೇ ಹೊತ್ತು ತಿರುಗಬೇಕಾಗಿಲ್ಲ. ಗೆಳತಿಗೆ ಮೊದಲೇ ಹೇಳಿ: "ನಿನ್ನ ಮಾತು ಕೇಳ್ತೀನಿ, ಆದ್ರ ನಿನ್ನ ಜೀವಕ್ಕ ಸಂಬಂಧಪಟ್ಟದ್ದಾದ್ರ ಒಬ್ಬ ದೊಡ್ಡವರಿಗೆ ಹೇಳೋಣ, ಇಬ್ಬರೂ ಕೂಡೇ ಹೋಗೋಣ." ನಿಮಗೆ ನಂಬಿಕೆಯಿರುವ ಉಪನ್ಯಾಸಕರು ಇದ್ದಾರೆ. ಮಕ್ಕಳ ಸಹಾಯವಾಣಿ 1098 ಇದೆ. ತುರ್ತಾದರೆ 112.

ಮನಸ್ಸಿನ ವಿಷಯಕ್ಕೆ ಟೆಲಿ-ಮಾನಸ್ 14416. ಇದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಆರಂಭವಾಯಿತು. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಕಷ್ಟದಲ್ಲಿರುವ ಗೆಳತಿಯೇ ಕರೆ ಮಾಡಬೇಕೆಂದಿಲ್ಲ, ಅವಳ ಮಾತು ಕೇಳಿ ನಿದ್ದೆಗೆಟ್ಟವರೂ ಮಾಡಬಹುದು. ಆ ಕಡೆ ಫೋನು ಎತ್ತುವವರಿಗೂ ಆ ದಿನ ಅದು ಎಷ್ಟನೆಯ ಕರೆಯೋ.